ಮೂಲಕರ್ತೆಯ ಮೌನ

ಇನ್ನೊಬ್ಬರ ಮಾತು ನಿಜವೆಂದು ಮನಸ್ಸು ಒಪ್ಪಿದ ಮೇಲೂ, ಬಾಯಿಬಿಟ್ಟು ಹಾಗೆಂದರೆ ಅವರು ನಿಮಗಿಂತ ಒಂದು ಗೇಣು ಎತ್ತರ ಕಂಡಾರೆಂಬ ಒಂದೇ ಕಾರಣಕ್ಕೆ, ನೀವು ಎಷ್ಟು ಸಲ ತುಟಿ ಬಿಗಿದು ಕುಳಿತಿದ್ದೀರಿ? ನಾನು ಸುಳ್ಳು ಹೇಳಲಿಲ್ಲವಲ್ಲ ಎಂದು ನೀವು ವಾದಿಸಬಹುದು. ಕದಿಯಲಿಲ್ಲ, ಯಾರ ಮೇಲೂ ಕೈಯೆತ್ತಲಿಲ್ಲ, ಸುಮ್ಮನಿದ್ದೆ ಅಷ್ಟೇ, ಸುಮ್ಮನಿರುವುದು ಯಾವ ಕಾನೂನಿನಲ್ಲಿ ಅಪರಾಧ ಎಂದೂ ಕೇಳಬಹುದು. ಧಾರವಾಡದ ಡಾ. ಮಂದಾಕಿನಿ ಹಂಚಿನಮನಿಯೂ ತನ್ನೊಳಗೆ ಹೀಗೆಯೇ ವಾದಿಸಿಕೊಳ್ಳುತ್ತಿದ್ದಳು. ಅವಳ ಕಥೆಯನ್ನು ಮೊದಲು ಪೂರ್ತಿ ಕೇಳಿ. ವಾದವನ್ನು ಆಮೇಲೆ ಮುಂದುವರಿಸಿರಂತೆ.

ಆ ಹೊತ್ತಿಗಾಗಲೇ ನಾಡಿನ ಆಸ್ಪತ್ರೆಗಳಲ್ಲೆಲ್ಲ ‘ಸಾಕ್ಷಿ’ ನೆಲೆಯೂರಿತ್ತು. ವೈದ್ಯರ ಮೇಜಿನ ಮೇಲೆ ಕಾಣುತ್ತಿದ್ದುದು ಒಂದು ಸಾಧಾರಣ ಪರದೆ. ಅದರ ಹಿಂದಿದ್ದುದು ಮಾತ್ರ ಜಗತ್ತಿನಲ್ಲಿ ಪ್ರಕಟವಾದ ವೈದ್ಯಕೀಯ ಪ್ರಬಂಧಗಳನ್ನೆಲ್ಲ ಓದಿ ಅರಗಿಸಿಕೊಂಡ ಯಂತ್ರ. ರೋಗಿಯ ವಯಸ್ಸು, ಲಕ್ಷಣ, ರಕ್ತದ ವರದಿಗಳನ್ನು ಒಪ್ಪಿಸಿದರೆ ಯಾವ ಔಷಧ, ಎಷ್ಟು ಪ್ರಮಾಣ ಎಂದು ಅದು ಹೇಳುತ್ತಿತ್ತು. ಹೇಳಿದ್ದರ ಕೆಳಗೆ, ಆ ಮಾತು ಯಾರ ಸಂಶೋಧನೆಯಿಂದ ಬಂತು ಎಂಬುದನ್ನೂ ಕಾಣಿಸುತ್ತಿತ್ತು. ವಿದ್ವಾಂಸರು ಪರಸ್ಪರರನ್ನು ತಮ್ಮ ಬರಹಗಳಲ್ಲಿ ಎಷ್ಟು ಸಲ, ಎಷ್ಟು ಗೌರವದಿಂದ ಉಲ್ಲೇಖಿಸಿದ್ದಾರೆ ಎಂಬುದೇ ಯಂತ್ರದ ತಕ್ಕಡಿ. ಹೆಚ್ಚು ಉಲ್ಲೇಖವಾದದ್ದು ಹೆಚ್ಚು ತೂಕದ್ದು. ಯಾರೂ ಹೆಸರೆತ್ತದ ಪ್ರಬಂಧ, ಎಷ್ಟೇ ಸತ್ಯವಾಗಿರಲಿ, ಯಂತ್ರದ ಪಾಲಿಗೆ ಇಲ್ಲವೇ ಇಲ್ಲ.

ಇದರ ಜೊತೆಗೆ ಒಂದು ಸಂಪ್ರದಾಯವೂ ಇತ್ತು. ‘ಮೂಲಕರ್ತರ ಒಪ್ಪಿಗೆ’ ಎಂದು ಅದಕ್ಕೆ ಹೆಸರು. ಒಬ್ಬರ ಸೂತ್ರಕ್ಕೆ ಮತ್ತೊಬ್ಬರು ತಿದ್ದುಪಡಿ ಸೂಚಿಸಿದರೆ, ಮೂಲಕರ್ತರು ಉತ್ತರ ಬರೆಯುವವರೆಗೆ ಸಾಕ್ಷಿ ಹಳೆಯದನ್ನೇ ಪಾಲಿಸಬೇಕು. ಒಪ್ಪಿದೆನೆಂದು ಬರೆದರೆ ಹೊಸದು ಕೂಡಲೇ ಜಾರಿ. ಒಪ್ಪೆನೆಂದು ಬರೆದರೆ ತಜ್ಞರ ಸಮಿತಿ ಕುಳಿತು ತೀರ್ಮಾನಿಸುವುದು. ಏನನ್ನೂ ಬರೆಯದಿದ್ದರೆ? ಆ ಮೂರನೆಯ ದಾರಿಯನ್ನು ನಿಯಮ ಮಾಡಿದವರು ಯೋಚಿಸಲೇ ಇಲ್ಲ. ವಿದ್ವಾಂಸರೆಂದ ಮೇಲೆ ಕೇಳಿದ್ದಕ್ಕೆ ಉತ್ತರಿಸಿಯೇ ಉತ್ತರಿಸುತ್ತಾರೆಂದು ಅವರು ಸಜ್ಜನಿಕೆಯಿಂದ ನಂಬಿದ್ದರು. ನಿಯಮ ಮಾಡಿದ ಆ ಮಂಡಳಿಯಲ್ಲಿ ಮಂದಾಕಿನಿಯೂ ಇದ್ದಳು.

ಅವಳು ದೇಹಮಾಹಿತಿ ಸಂಶೋಧನಾ ಕೇಂದ್ರದ ನಿರ್ದೇಶಕಿ. ಅವಳನ್ನು ನಾಡಿಗೆಲ್ಲ ಪರಿಚಯಿಸಿದ್ದು ‘ಹಂಚಿನಮನಿ ಸೂತ್ರ’. ರಕ್ತದಲ್ಲಿರುವ ಒಂದು ಕಶ್ಮಲದ ಅಳತೆಯಿಂದ ಮೂತ್ರಪಿಂಡದ ಬಲವನ್ನು ಲೆಕ್ಕ ಹಾಕಿ, ಕಠಿಣ ಔಷಧಗಳ ಪ್ರಮಾಣವನ್ನು ನಿಶ್ಚಯಿಸುವ ಸೂತ್ರ ಅದು. ಈ ಕಶ್ಮಲವನ್ನು ನಮ್ಮ ಸ್ನಾಯುಗಳು ಹುಟ್ಟಿಸುತ್ತವೆ, ಮೂತ್ರಪಿಂಡ ಹೊರಹಾಕುತ್ತದೆ. ರಕ್ತದಲ್ಲಿ ಅದು ಕಡಿಮೆಯಿದ್ದರೆ ಮೂತ್ರಪಿಂಡ ಚುರುಕಾಗಿದೆ, ಔಷಧವನ್ನು ಧಾರಾಳವಾಗಿ ಕೊಡಬಹುದು ಎಂಬುದು ಅದರ ತಿರುಳು. ಕೇಂದ್ರದ ನಿಯಂತ್ರಣ ಕೋಣೆಯ ಗೋಡೆಯ ಮೇಲೆ ಪ್ರಭಾವಪಟವೆಂಬ ದೊಡ್ಡ ನಕ್ಷೆಯಿತ್ತು. ಯಾವ ಊರಿನ ಆಸ್ಪತ್ರೆಯಲ್ಲಿ ಆ ಸೂತ್ರ ಬಳಕೆಯಾದರೂ ಅಲ್ಲೊಂದು ಹಸಿರು ಚುಕ್ಕೆ ಮಿನುಗುತ್ತಿತ್ತು. ಮಂದಾಕಿನಿ ಬೆಳಿಗ್ಗೆ ಬಂದವಳು ಚಹಕ್ಕೂ ಮೊದಲು ಆ ಗೋಡೆಯ ಮುಂದೆ ನಿಲ್ಲುತ್ತಿದ್ದಳು. ಬೀದರಿನಿಂದ ಚಾಮರಾಜನಗರದವರೆಗೆ ತನ್ನ ಹೆಸರು ಉಸಿರಾಡುವುದನ್ನು ನೋಡಿದ ಮೇಲೆಯೇ ಅವಳಿಗೆ ದಿನ ಬೆಳಗಾಗುತ್ತಿದ್ದುದು.

ಹಾಗಿರುವಾಗ ಶಿವಲೀಲಾ ಅಂಗಡಿಯ ಪ್ರಬಂಧ ಬಂತು.

ಶಿವಲೀಲಾ ಮತ್ತು ಮಂದಾಕಿನಿ ಒಂದೇ ಗುರುಗಳ ಕೈಕೆಳಗೆ, ಒಂದೇ ಮೇಜಿನ ಎರಡು ಬದಿಗಳಲ್ಲಿ ಸಂಶೋಧನೆ ಮಾಡಿದವರು. ಆ ದಿನಗಳಲ್ಲಿ ಮಂದಾಕಿನಿ ಏನು ಬರೆದೊಯ್ದರೂ ಗುರುಗಳು ಮೆಚ್ಚಿ, ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: ಶಿವಲೀಲಾಗೆ ಒಮ್ಮೆ ತೋರಿಸಿಬಿಡು. ಆ ಮಾತು ಮಂದಾಕಿನಿಯ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತ್ತು. ಮುಂದೆ ಶಿವಲೀಲಾ ಗದಗಿನ ಕಡೆಯ ಒಂದು ಸಣ್ಣ ವೈದ್ಯಕೀಯ ಕಾಲೇಜು ಸೇರಿದಳು. ಮಂದಾಕಿನಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದಳು. ಮೇಲೇರಿದವರಿಗೆ ಕೆಳಗಿರುವವರ ಮೇಲೆ ಹೊಟ್ಟೆಕಿಚ್ಚು ಎಲ್ಲಿಂದ ಬರಬೇಕು ಎಂದು ನೀವು ಕೇಳಿದರೆ, ನೀವಿನ್ನೂ ಮೇಲೇರಿಲ್ಲವೆಂದೇ ಅರ್ಥ. ಮತ್ಸರ ಪದವಿಯನ್ನು ನೋಡುವುದಿಲ್ಲ. ತನಗಿಲ್ಲದ್ದು ಎದುರಿನವರಲ್ಲಿ ಇದೆಯೇ ಎಂಬುದನ್ನಷ್ಟೇ ನೋಡುತ್ತದೆ.

ಮಂದಾಕಿನಿ ಬಾಗಿಲು ಹಾಕಿಕೊಂಡು ಪ್ರಬಂಧ ಓದಿದಳು. ಓದಿದ್ದು ತಿಳಿಯುವುದಕ್ಕಲ್ಲ, ಹುಳುಕು ಹುಡುಕುವುದಕ್ಕೆ. ಒಂದು ಕೋಷ್ಟಕದ ತಲೆಬರಹದಲ್ಲಿ ಅಚ್ಚಿನ ದೋಷವೊಂದು ಸಿಕ್ಕಿದಾಗ ಅವಳಿಗೆ ಹಬ್ಬವಾಯಿತು. ಮರುಕ್ಷಣವೇ ಆ ಹಬ್ಬಕ್ಕೆ ನಾಚಿಕೆಯೂ ಆಯಿತು. ಶಿವಲೀಲಾ ಹೇಳಿದ್ದು ಇಷ್ಟೇ: ಹಂಚಿನಮನಿ ಸೂತ್ರ ಹುಟ್ಟಿದ್ದು ದೊಡ್ಡ ಊರುಗಳ ದೊಡ್ಡ ಆಸ್ಪತ್ರೆಗಳಿಗೆ ತಪಾಸಣೆಗೆಂದು ಬಂದ, ಉಂಡು ಮೈತುಂಬಿಕೊಂಡವರ ರಕ್ತದಿಂದ. ಮೈಯಲ್ಲಿ ಮಾಂಸವೇ ಇಲ್ಲದ ಕೃಶರಲ್ಲಿ, ಅದರಲ್ಲೂ ವಯಸ್ಸಾದ ಬಡ ಹೆಂಗಸರಲ್ಲಿ, ಅದು ದಾರಿ ತಪ್ಪುತ್ತದೆ. ಮನೆಯಲ್ಲಿ ಕಸ ಕಾಣದಿದ್ದರೆ ಗುಡಿಸುವವರು ಚುರುಕು ಎಂದೇ ತೀರ್ಮಾನಿಸಬಾರದು. ಕಸ ಬೀಳುವಷ್ಟು ಸಂಸಾರವೇ ಆ ಮನೆಯಲ್ಲಿ ಇಲ್ಲದಿರಬಹುದು. ಅಂಥವರ ಸೋತ ಮೂತ್ರಪಿಂಡವನ್ನು ಸೂತ್ರ ಬಲಿಷ್ಠವೆಂದು ಎಣಿಸುತ್ತದೆ, ಔಷಧ ಹೆಚ್ಚಾಗುತ್ತದೆ. ಸೋಂಕಿಗೆ ಕೊಡುವ ಒಂದು ಚುಚ್ಚುಮದ್ದಂತೂ ಮೈಯಲ್ಲಿ ಉಳಿದುಬಿಟ್ಟರೆ ಒಳಗಿವಿಯ ಸೂಕ್ಷ್ಮ ಕೋಶಗಳನ್ನು ಕೊಂದುಹಾಕುತ್ತದೆ. ಹೋದ ಕಿವಿ ಮರಳುವುದಿಲ್ಲ. ಪರಿಹಾರವೂ ಸರಳ. ಒಂದು ಟೇಪು ತೆಗೆದುಕೊಂಡು ರೋಗಿಯ ತೋಳಿನ ಸುತ್ತಳತೆ ನೋಡಿ, ಅದನ್ನು ಲೆಕ್ಕಕ್ಕೆ ಸೇರಿಸಬೇಕು.

ಕೇಂದ್ರದಲ್ಲಿದ್ದ ಮಾಹಿತಿಯ ಮೇಲೆ ಮಂದಾಕಿನಿ ತಾನೇ ಗುಟ್ಟಾಗಿ ಲೆಕ್ಕ ಹಾಕಿ ನೋಡಿದಳು. ಶಿವಲೀಲಾ ಹೇಳಿದ್ದು ಸರಿಯಾಗಿತ್ತು. ತನ್ನ ಬಳಿ ಗೋಡೆಗಟ್ಟಲೆ ಯಂತ್ರಗಳಿದ್ದೂ ಹೊಳೆಯದ್ದು, ದರ್ಜಿಯ ಟೇಪು ಹಿಡಿದವಳಿಗೆ ಹೊಳೆದಿತ್ತು. ತಪ್ಪಾಗಿದ್ದರೆ ಕ್ಷಮಿಸಿಬಿಡಬಹುದಿತ್ತು. ಸರಿಯಾಗಿದ್ದುದನ್ನು ಕ್ಷಮಿಸುವುದು ಅವಳಿಂದ ಆಗಲಿಲ್ಲ.

ನಿಯಂತ್ರಣ ಕೋಣೆಯ ಮೇಲ್ವಿಚಾರಕ ಪ್ರಹ್ಲಾದ ಗುತ್ತಲ ಆಗಾಗ ನೆನಪಿಸುತ್ತಿದ್ದ. ಅಂಗಡಿಯವರ ಪ್ರಬಂಧದ ಮುಂದೆ, ಉತ್ತರ ಬಾಕಿಯೆಂದು ತೋರಿಸುವ ಹಳದಿ ದೀಪ ಹಾಗೆಯೇ ಇದೆ, ಉತ್ತರ ಏನೆಂದು ದಾಖಲಿಸೋಣ ಎಂದು ಕೇಳುತ್ತಿದ್ದ. ಓದುತ್ತಿದ್ದೇನೆ ಎನ್ನುತ್ತಿದ್ದಳು ಮಂದಾಕಿನಿ. ಪುರಸೊತ್ತಿಲ್ಲ ಎನ್ನುತ್ತಿದ್ದಳು. ಒಪ್ಪುವುದಿಲ್ಲವೆಂದು ಬರೆದರೆ ಸಮಿತಿ ಕೂಡುತ್ತದೆ, ಸತ್ಯ ಹೊರಬೀಳುತ್ತದೆ. ಒಪ್ಪಿದೆನೆಂದರೆ ಗೋಡೆಯ ಮೇಲಿನ ಚುಕ್ಕೆಗಳೆಲ್ಲ ಬೇರೊಬ್ಬಳ ಹೆಸರಿಗೆ ಹೋಗುತ್ತವೆ. ಸುಮ್ಮನಿದ್ದರೆ ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲವೆಂದು ಅವಳು ಅಂದುಕೊಂಡಳು!

ಮನೆಯಲ್ಲಿ ಅವಳ ಜೊತೆಗಿದ್ದವಳು ಅಕ್ಕ ಚಂಪಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿಯನ್ನು ಜಡೆ ಹೆಣೆದು, ಶಾಲೆಗೆ ಕಳಿಸಿ ಬೆಳೆಸಿದವಳು ಅವಳೇ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡ ಚಂಪಕ್ಕ ಮೈಯಲ್ಲಿ ಕಡ್ಡಿಯಾದರೂ ಮಾತಿನಲ್ಲಿ ದಷ್ಟಪುಷ್ಟ. ಒಂದು ಸಂಜೆ ಮಂದಾಕಿನಿ ಮನೆಗೆ ಬಂದಾಗ ಅವಳು ಕುಪ್ಪಸ ಹೊಲಿಯುವ ಟೇಪನ್ನು ತನ್ನ ತೋಳಿಗೇ ಸುತ್ತಿಕೊಂಡು ಕೂತಿದ್ದಳು.

“ನಿನ್ನ ಗೆಳತಿ ಶಿವಲೀಲಾ ಟೀವ್ಯಾಗ ಬಂದಿದ್ಲು, ಮಂದಾ. ತೋಳು ಹೆಂಗ ಅಳೀಬೇಕಂತ ತೋರಿಸಿದ್ಲು. ನನ್ನ ತೋಳು ನೋಡಿಲ್ಲೆ, ಬಳಿ ಹಾಕ್ಕೊಂಡ್ರ ಹೆಗಲಿಗೆ ಹೋಗಿ ನಿಂದರ್ತಾವ.” ನಕ್ಕು ಮತ್ತೆ ಹೇಳಿದಳು: “ಎಷ್ಟು ತಿಳಿಯೂ ಹಂಗ ಮಾತಾಡ್ತಾಳವಾ ಆಕಿ. ನೀ ಟೀವ್ಯಾಗ ಬಂದಾಗ ನನಗ ನಿನ್ನ ಸೀರಿ ಒಂದ ತಿಳೀತೈತಿ.”

ಮಂದಾಕಿನಿ ನಗಲಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆಯೆಂದಳು, ರೊಟ್ಟಿ ಬಿರುಸಾಗಿದೆಯೆಂದಳು, ಊಟ ಅರ್ಧಕ್ಕೆ ಬಿಟ್ಟು ಎದ್ದಳು. ತನ್ನ ಅಡುಗೆಮನೆಯವರೆಗೂ ಆ ಹೆಸರು ಬಂದು ಕೂತಿತ್ತು.

ಬೆಳಗಾವಿಯ ವಿಚಾರ ಸಂಕಿರಣದಲ್ಲಿ ಇಬ್ಬರೂ ಮುಖಾಮುಖಿಯಾದರು. ಮಂದಾಕಿನಿಯ ಭಾಷಣ ದೊಡ್ಡ ಸಭಾಂಗಣದಲ್ಲಿ, ಶಿವಲೀಲಾಳದು ಪಕ್ಕದ ಸಣ್ಣ ಕೋಣೆಯಲ್ಲಿ. ಮಂದಾಕಿನಿ ಮಾತಾಡುತ್ತಿರುವಾಗ ಗೋಡೆಯಾಚೆಯಿಂದ ಚಪ್ಪಾಳೆ ಕೇಳಿಸಿತು. ಮುಂದಿನ ಸಾಲಿನ ಒಂದಿಬ್ಬರು ಏನದು ಎಂಬಂತೆ ಆ ಕಡೆ ಕತ್ತು ತಿರುಗಿಸಿದರು. ಇಡೀ ಸಭಾಂಗಣ ತುಂಬಿದ್ದರೂ ಮಂದಾಕಿನಿಗೆ ಕಂಡದ್ದು ತಿರುಗಿದ ಆ ಎರಡು ಕತ್ತುಗಳು ಮಾತ್ರ. ಊಟದ ಹೊತ್ತಿಗೆ ಶಿವಲೀಲಾ ಗೋಧಿ ಹುಗ್ಗಿಯ ತಟ್ಟೆ ಹಿಡಿದು ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು.

“ಓದಿದೇನು, ಮಂದಾ?”

“ಕಣ್ಣಾಡಿಸೀನಿ.”

“ಕಣ್ಣಾಡಿಸೂದು ನಿನ್ನ ರೂಢಿ ಅಲ್ಲ. ಅಲ್ಪವಿರಾಮ ಸುದ್ದಾ ಬಿಡಾಕಿ ಅಲ್ಲ ನೀ.” ಶಿವಲೀಲಾ ಚಮಚವನ್ನು ತಟ್ಟೆಯಲ್ಲಿಟ್ಟಳು. “ತಪ್ಪಿದ್ರ ತಪ್ಪಂತ ಬರಿ. ಸಮಿತಿ ಕೂಡ್ಲಿ, ನಾ ಸೋತರ ಸೋಲ್ತೀನಿ. ಸುಮ್ಮನ ಮಾತ್ರ ಕೂಡಬ್ಯಾಡ. ನೀ ಸುಮ್ಮನಾದ್ರ ಸಾಕ್ಷಿನೂ ಸುಮ್ಮನಾಗ್ತೈತಿ.”

“ದೊಡ್ಡ ಕೇಂದ್ರ ನಡಸೂ ತ್ರಾಸು ನಿನಗ ತಿಳಿಯಂಗಿಲ್ಲ ಬಿಡು.”

“ಖರೆ. ನಮ್ಮಲ್ಲೆ ಗ್ವಾಡಿ ಮ್ಯಾಲೆ ದೀಪ ಇಲ್ಲ. ಪೇಷಂಟ್ ಅಷ್ಟ ಅದಾರ.”

ಈ ಕುಟುಕು ಮಂದಾಕಿನಿಗೆ ದೊಡ್ಡ ಉಪಕಾರ ಮಾಡಿತು. ಅಲ್ಲಿಯವರೆಗೆ ಅವಳ ಮನಸ್ಸಾಕ್ಷಿ ಒಂದಿಷ್ಟಾದರೂ ಮಿಸುಕಾಡುತ್ತಿತ್ತು. ಈಗ ನೆಪವೊಂದು ಸಿಕ್ಕಿತು: ಇಷ್ಟು ಸೊಕ್ಕಿನವಳಿಗೆ ನಾನೇಕೆ ಬರೆಯಬೇಕು? ಮತ್ಸರಕ್ಕೆ ಬೇಕಾದುದೂ ಇಷ್ಟೇ. ಎದುರಿನವರು ಒಂದು ಕಟು ಮಾತಾಡಿದರೆ ಸಾಕು, ಅದು ನ್ಯಾಯದ ಬಟ್ಟೆ ತೊಟ್ಟು ಓಡಾಡತೊಡಗುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಚಂಪಕ್ಕನಿಗೆ ಜ್ವರ ಬಂತು. ಮೂತ್ರದ ಸೋಂಕು ರಕ್ತಕ್ಕೆ ಏರಿದೆಯೆಂದು ಹುಬ್ಬಳ್ಳಿಯ ಹೊರವಲಯದ ಆಸ್ಪತ್ರೆಯೊಂದರಲ್ಲಿ ಸೇರಿಸಿಕೊಂಡರು. ವಾರ್ಡಿನ ವೈದ್ಯ ಸಮೀರ ಮುಲ್ಲಾ ಎಂಬ ತರುಣ. ಮಂದಾಕಿನಿ ಹಂಚಿನಮನಿಯೇ ತನ್ನ ವಾರ್ಡಿಗೆ ಬಂದಿದ್ದಾರೆಂಬ ಸಂಭ್ರಮದಲ್ಲಿದ್ದ ಅವನು ಸಾಕ್ಷಿಯ ಪರದೆಯನ್ನು ಅವಳ ಕಡೆ ತಿರುಗಿಸಿದ. ಅದೇ ಚುಚ್ಚುಮದ್ದು, ಪೂರ್ಣ ಪ್ರಮಾಣ. ಕೆಳಗೆ ಆಧಾರವಾಗಿ ಅವಳದೇ ಹೆಸರು.

“ನಿಮ್ಮ ಸೂತ್ರನ ನಿಮ್ಮ ಅಕ್ಕಾರನ್ನ ಕಾಯಾಕತ್ತೈತಿ ನೋಡ್ರಿ, ಮೇಡಂ” ಎಂದ.

ಮಂದಾಕಿನಿ ಅಕ್ಕನ ಕಡೆ ತಿರುಗಿದಳು. ಹಾಸಿಗೆಯ ಮೇಲೆ ಚಂಪಕ್ಕನ ತೋಳು ಸೌದೆಯ ಸೀಳಿನಂತೆ ಬಿದ್ದಿತ್ತು. ಅವಳು ತರುಣನನ್ನು ಬಾಗಿಲ ಬಳಿಗೆ ಕರೆದೊಯ್ದು, ಅರ್ಧ ಪ್ರಮಾಣ ಸಾಕು, ಎರಡು ಚುಚ್ಚುಮದ್ದಿನ ನಡುವಿನ ಅಂತರವನ್ನೂ ಹೆಚ್ಚಿಸಿ ಎಂದಳು. ಅವನು ಕಾರಣ ಕೇಳಿದ. ನಾನು ಹೇಳುತ್ತಿದ್ದೇನಲ್ಲ ಎಂದಳು. ಅವನಿಗೆ ಅಷ್ಟು ಸಾಕಾಗಿತ್ತು, ಯಂತ್ರಕ್ಕೆ ಸಾಕಾಗಲಿಲ್ಲ. ಸಲಹೆಯನ್ನು ಮೀರುವುದಾದರೆ ಕಾರಣ ದಾಖಲಿಸಬೇಕೆಂದು ಪರದೆ ಕೇಳಿತು. ಸಂಶೋಧಕರ ಹೆಸರನ್ನಾದರೂ ಕೊಡಬೇಕು, ಇಲ್ಲವೇ ‘ಕುಟುಂಬದ ಕೋರಿಕೆ’ ಎಂದಾದರೂ ಗುರುತು ಹಾಕಬೇಕು.

ಒಂದು ಹೆಸರು. ಅದನ್ನು ಹೇಳಿದ್ದರೆ ವಾರ್ಡಿನ ವೈದ್ಯನಿಗೆ ತಿಳಿಯುತ್ತಿತ್ತು, ಅವನಿಂದ ಇನ್ನಿಬ್ಬರಿಗೆ ತಿಳಿಯುತ್ತಿತ್ತು.

“ಕುಟುಂಬದ ಕೋರಿಕೆ ಅಂತ ಹಾಕ್ರಿ” ಎಂದಳು ಮಂದಾಕಿನಿ.

ಪಕ್ಕದ ಹಾಸಿಗೆಯಲ್ಲಿ ಫಕೀರವ್ವ ಎಂಬಾಕೆ ಮಲಗಿದ್ದಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದವಳು. ಅದೇ ಸೋಂಕು, ಅದೇ ಚುಚ್ಚುಮದ್ದು. ತೋಳು ಚಂಪಕ್ಕನದಕ್ಕಿಂತಲೂ ಸಣ್ಣದು. ಮಂದಾಕಿನಿಯ ಕಣ್ಣು ಅದರ ಮೇಲೆ ಬಿತ್ತು. ಅಳೆದು ಬದುಕಿದವಳ ಕಣ್ಣು ಅದು, ಟೇಪಿಲ್ಲದೆಯೂ ಅಳೆಯಿತು. ಅಳೆದು, ಆ ಕಡೆಗೆ ತಿರುಗಿತು. ಓದುಗರೇ, ನನಗೆ ಸಿಟ್ಟು ಬರುವುದು ಇಲ್ಲಿ. ಅಜ್ಞಾನದಿಂದಾದ ತಪ್ಪಿಗೆ ಮರುಕವಿದೆ. ತಿಳಿದೂ ತಿಳಿದೂ ತನ್ನವಳೊಬ್ಬಳನ್ನು ದಡ ಸೇರಿಸಿ ಉಳಿದವರನ್ನು ಹೊಳೆಗೆ ಬಿಟ್ಟ ವಿದ್ಯೆಗೆ ಏನೆಂದು ಹೆಸರಿಡೋಣ?

ಜ್ವರ ಇಳಿಯುತ್ತಿದ್ದಂತೆ ಇಬ್ಬರು ರೋಗಿಗಳಿಗೂ ಗೆಳೆತನ ಬೆಳೆಯಿತು. ಆಸ್ಪತ್ರೆಯ ಸಾರಿನಲ್ಲಿ ಮುಖ ನೋಡಿಕೊಳ್ಳಬಹುದೆಂದು ಫಕೀರವ್ವ ಹೇಳುವಳು. ತನ್ನೂರಿನ ಮೆಣಸಿನಕಾಯಿ ಒಂದನ್ನು ತೋರಿಸಿದರೆ ಸಾಕು, ಈ ಜ್ವರ ಸೀನುತ್ತ ಓಡಿಹೋಗುತ್ತಿತ್ತೆನ್ನುವಳು. ಚಂಪಕ್ಕ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುವಳು. ನರ್ಸು ಒಬ್ಬರಿಗೆ ಸಣ್ಣ ಸಿರಿಂಜು, ಒಬ್ಬರಿಗೆ ದೊಡ್ಡದು ತರುವುದನ್ನು ಫಕೀರವ್ವ ಗಮನಿಸಿದ್ದಳು.

“ನಿಮ್ಮ ತಂಗಿ ದೊಡ್ಡ ಡಾಕ್ಟರು ಅಂತಾರ, ಆದ್ರೂ ನಿಮಗ ಅರ್ಧ ಸೂಜಿ, ನಮಗ ಪೂರ್ತಿ” ಎಂದು ಅವಳು ಒಂದು ದಿನ ಕೀಟಲೆ ಮಾಡಿದಳು. “ಬಡವ್ರಿಗೆ ಇದೊಂದರ ಪೂರ್ತಿ ಸಿಕ್ತಲ್ಲ ಬಿಡ್ರಿ, ಯಕ್ಕಾ.”

ಡಬ್ಬಿ ತಂದಿದ್ದ ಮಂದಾಕಿನಿ ಆ ಮಾತು ಕೇಳಿಸಿಕೊಂಡಳು. ಆಗಲೂ ಬಾಯಿ ತೆರೆಯಬಹುದಿತ್ತು. ಇನ್ನೂ ಕಾಲ ಮಿಂಚಿರಲಿಲ್ಲ. ಅವಳು ಡಬ್ಬಿಯ ಮುಚ್ಚಳ ತೆಗೆದು, ಬದನೆಕಾಯಿ ಎಣಗಾಯಿ ಮಾಡಿಸಿಕೊಂಡು ಬಂದಿದ್ದೇನೆ, ಬಿಸಿಯಿರುವಾಗಲೇ ಊಟ ಮಾಡು ಎಂದಳು.

ಫಕೀರವ್ವನ ಮಗಳು ಮಲ್ಲವ್ವ ಗೋವಾದಲ್ಲಿ, ವಾಸ್ಕೋದ ಮೀನಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ರಜೆ ಸಿಗದ ಅವಳು ಪ್ರತಿ ಸಂಜೆ ಫೋನು ಮಾಡುತ್ತಿದ್ದಳು. ಆ ಹೊತ್ತಿಗೆ ಫಕೀರವ್ವ ತಲೆ ಬಾಚಿಕೊಂಡು, ಸೆರಗು ಸರಿಮಾಡಿಕೊಂಡು, ಮಗಳು ಎದುರಿಗೇ ಬರುವವಳಿದ್ದಾಳೆಂಬಂತೆ ಕಾಯುತ್ತಿದ್ದಳು. ಅಂಥ ಒಂದು ಸಂಜೆ ಮಂದಾಕಿನಿ ಬಂದಾಗ ಫಕೀರವ್ವ ಫೋನನ್ನು ಕಿವಿಗೆ ಒತ್ತಿಕೊಂಡು ಕೂಗುತ್ತಿದ್ದಳು.

“ಹಲೋ, ಮಲ್ಲವ್ವ... ದನಿ ಬರವಲ್ದು ನೋಡವಾ. ಹೊರಗ ಬಂದು ಮಾತಾಡು.”

ಫೋನನ್ನು ಕೊಡವಿದಳು, ಇನ್ನೊಂದು ಕಿವಿಗೆ ಇಟ್ಟಳು, ಮತ್ತೆ ಕೊಡವಿದಳು. ಪಕ್ಕದ ಹಾಸಿಗೆಯ ಬಳಿ ನಿಂತ ಮಂದಾಕಿನಿಗೆ ಮಲ್ಲವ್ವನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು: ಯವ್ವಾ, ಕೇಳಾಕತ್ತೈತಿಲ್ಲೊ? ಯವ್ವಾ, ಯಾಕ ಸುಮ್ಮನಾದಿ? ಫಕೀರವ್ವ ಫೋನನ್ನು ಚಂಪಕ್ಕನ ಕೈಗೆ ಕೊಟ್ಟು, ಇದು ಕೆಟ್ಟುಹೋಗಿದೆ ನೋಡಿ ಎಂದಳು. ಚಂಪಕ್ಕ ಅದನ್ನು ಕಿವಿಗೆ ಇಟ್ಟುಕೊಂಡಳು. ಅವಳ ಮುಖ ನಿಧಾನವಾಗಿ ಬದಲಾಯಿತು. ಫೋನು ಸರಿಯಿದೆ, ಫಕೀರವ್ವ, ಎಂದಳು. ಫಕೀರವ್ವ ಅವಳ ತುಟಿಗಳನ್ನೇ ನೋಡಿ, ನಗುತ್ತ ಕೇಳಿದಳು:

“ಏನಂದ್ರಿ? ಜೋರ ಹೇಳ್ರಿ ಯಕ್ಕಾ, ಫ್ಯಾನಿನ ಸಪ್ಪಳ ಬಾಳ ಐತಿ.”

ಮೇಲೆ ಫ್ಯಾನು ನಿಂತಿತ್ತು.

ಸಮೀರ ಓಡಿ ಬಂದ. ಚುಚ್ಚುಮದ್ದು ನಿಲ್ಲಿಸಿದರು, ಕಿವಿಯ ತಜ್ಞರನ್ನು ಕರೆಸಿದರು. ತಜ್ಞರು ಪರೀಕ್ಷೆ ಮಾಡಿ ತಲೆಯಲ್ಲಾಡಿಸಿದರು. ಪಕ್ಕದ ಹಾಸಿಗೆಗೆ ಏಕೆ ಅರ್ಧ ಪ್ರಮಾಣ ಎಂದು ಅವರು ಕೇಳಿದಾಗ, ಕುಟುಂಬದ ಕೋರಿಕೆ ಎಂದು ಸಮೀರ ಉತ್ತರಿಸಿದ. ಆ ಉತ್ತರ ಚಂಪಕ್ಕನ ಕಿವಿಗೆ ಬಿತ್ತು. ಅವಳ ಕಿವಿ ಸರಿಯಿತ್ತಲ್ಲ.

ಮನೆಗೆ ಬಂದ ದಿನವೇ ಅವಳು ತಂಗಿಯನ್ನು ಎದುರಿಗೆ ಕೂಡಿಸಿಕೊಂಡಳು. ತನಗೆ ಕಡಿಮೆ ಏಕೆ ಮಾಡಿಸಿದೆ ಎಂದು ಕೇಳಿದಳು. ಮಂದಾಕಿನಿ ಸಭೆಯಲ್ಲಿ ಮಾತಾಡುವ ಧಾಟಿಯಲ್ಲಿ ವಿವರಿಸಿದಳು: ಕೃಶರ ವಿಷಯದಲ್ಲಿ ಒಂದು ಸೂಚನೆ ಬಂದಿದೆ, ಅದರ ಪರಿಶೀಲನೆ ನಡೆದಿದೆ, ಶಾಸ್ತ್ರೀಯವಾಗಿ ಅದಿನ್ನೂ ಸಾಬೀತಾಗಿಲ್ಲ.

“ಸಾಬೀತಾಗಿರಲಿಲ್ಲಂದ್ರ ನನಗ ಯಾಕ ಕಡಿಮಿ ಮಾಡ್ಸಿದಿ?”

ನಾಡಿನ ವಿದ್ವತ್ಸಭೆಗಳಲ್ಲಿ ಎಂಥೆಂಥ ಪ್ರಶ್ನೆಗಳನ್ನೋ ಎದುರಿಸಿದ್ದ ಮಂದಾಕಿನಿ, ಆಸ್ಪತ್ರೆಯಿಂದ ತಂದ ಡಬ್ಬಿ ತೊಳೆಯಬೇಕೆಂದು ಎದ್ದಳು.

“ಆ ಸೂಚನಾ ಶಿವಲೀಲಾಂದು, ಹೌದಲ್ಲ?” ಎಂದಳು ಚಂಪಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಮಂದಾಕಿನಿಗೆ ಭಯ ಹುಟ್ಟಿಸಿತು. “ಆಕಿ ಹೆಸರು ಹೇಳಾಕ ನಿನಗ ಬಾಯಿ ಬರಲಿಲ್ಲ. ಅದಕ್ಕ ಫಕೀರವ್ವನ ಕಿವಿ ಹೋತು. ನನ್ನ ಜೀವಾ ಉಳಿಸೀನಿ ಅಂತ ನೀ ತಿಳ್ಕೊಂಡಿ. ನನ್ನ ಪಾಲಿನ ವಿಷಾನೂ ಆಕಿಗೆ ಹೋತೇನೋ ಅನ್ನಸ್ತೈತಿ ನನಗ.” ಮತ್ತೆ ಕೇಳಿದಳು: “ಇವತ್ತ ಮತ್ತ ಯಾವ ಯಾವ ಊರಾಗ ಆ ಸೂಜಿ ಹಾಕಾಕತ್ತಾರ, ಮಂದಾ? ನಿನ್ನ ಗ್ವಾಡಿ ಮ್ಯಾಲೆ ಕಾಣ್ತೈತಂತಲ್ಲ.”

ಮರುದಿನ ಮಂದಾಕಿನಿ ನಿಯಂತ್ರಣ ಕೋಣೆಗೆ ಬಂದಾಗ ಗೋಡೆಯ ಮೇಲೆ ಚುಕ್ಕೆಗಳು ಎಂದಿನಂತೆ ಮಿನುಗುತ್ತಿದ್ದವು. ಒಂದು ರಾಯಚೂರಿನಲ್ಲಿ, ಒಂದು ಹಾವೇರಿಯಲ್ಲಿ, ಒಮ್ಮೆಲೇ ಮೂರು ಕಲಬುರಗಿಯಲ್ಲಿ. ಅವುಗಳಲ್ಲಿ ಮೈತುಂಬಿದವರೆಷ್ಟು, ಕೃಶರೆಷ್ಟು ಎಂದು ಚುಕ್ಕೆ ಹೇಳುತ್ತಿರಲಿಲ್ಲ. ಅವಳು ಪ್ರಹ್ಲಾದನನ್ನು ಕರೆದು, ಅಂಗಡಿಯವರ ಪ್ರಬಂಧಕ್ಕೆ ಉತ್ತರ ಬರೆಯಲು ಕೂತಳು.

ಮೊದಲು ಬರೆದದ್ದು ಇದು: ಡಾ. ಅಂಗಡಿಯವರ ಸೂಚನೆಯು ನಮ್ಮ ಕೇಂದ್ರದಲ್ಲಿ ಈಗಾಗಲೇ ನಡೆದಿರುವ ಕಾರ್ಯಕ್ಕೆ ಪೂರಕವಾಗಿದೆ.

ಪರದೆಯನ್ನು ನೋಡುತ್ತಿದ್ದ ಪ್ರಹ್ಲಾದ ತಲೆ ಕೆರೆದುಕೊಂಡ. “ಯಾವ ಕಾರ್ಯರೀ, ಮೇಡಂ? ನಮ್ಮಲ್ಲೆ ಅಂಥಾದ್ದು ಯಾವುದೂ ನಡದಿಲ್ಲಲ್ರೀ.”

ಮತ್ಸರ ಎಂಥ ಹಟಮಾರಿ ಎಂಬುದನ್ನು ನೋಡಿ. ಕಟಕಟೆಯಲ್ಲಿ ನಿಂತು ತಪ್ಪೊಪ್ಪಿಕೊಳ್ಳುವ ಗಳಿಗೆಯಲ್ಲೂ ಅದು ಒಂದು ಕುರ್ಚಿ ಕೇಳುತ್ತದೆ. ಮಂದಾಕಿನಿ ಆ ಸಾಲನ್ನು ಅಳಿಸಿದಳು. ಅಂಗಡಿಯವರ ತಿದ್ದುಪಡಿ ಸರಿ ಎಂದು ಬರೆದಳು. ನನ್ನ ಸೂತ್ರ ಕೃಶರಾದವರಲ್ಲಿ ತಪ್ಪುತ್ತದೆ ಎಂದು ಬರೆದಳು. ಒಪ್ಪಿಗೆಗೆ ಅಷ್ಟು ಸಾಕಾಗಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ನಾಡು ಅವಳ ದೊಡ್ಡ ಗುಣವನ್ನು ಕೊಂಡಾಡುತ್ತಿತ್ತು. ಅವಳು ಮೂರನೆಯ ಸಾಲನ್ನೂ ಸೇರಿಸಿದಳು: ಪ್ರಬಂಧ ಓದಿದಂದಿನಿಂದಲೂ ಇದು ನನಗೆ ತಿಳಿದಿತ್ತು, ನಾನು ಹೇಳಲಿಲ್ಲ.

ಹಳದಿ ದೀಪ ಆರಿತು. ಗೋಡೆಯ ಮೇಲಿನ ಚುಕ್ಕೆಗಳು ಒಂದೊಂದಾಗಿ ನೀಲಿಗೆ ತಿರುಗಿದವು, ಮೇಲಿದ್ದ ಹೆಸರು ಬದಲಾಗಿ ‘ಅಂಗಡಿ ಸೂತ್ರ’ ಎಂದಾಯಿತು. ಒಳ್ಳೆಯ ಕೆಲಸ ಮಾಡಿದ ಕೂಡಲೇ ಮನಸ್ಸು ಹಗುರವಾಗುತ್ತದೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಮಂದಾಕಿನಿಗೆ ಹಾಗೇನೂ ಆಗಲಿಲ್ಲ. ಪ್ರತಿ ನೀಲಿ ಚುಕ್ಕೆಗೂ ಅವಳ ಹೊಟ್ಟೆ ಉರಿಯಿತು. ಉರಿಯುತ್ತಿದ್ದರೂ ಅವಳು ಕೈ ಹಿಂದೆಗೆಯಲಿಲ್ಲ ಎಂಬುದನ್ನು ಮಾತ್ರ ನಾವು ನೆನಪಿಡಬೇಕು. ಕಿಚ್ಚು ಆರುವವರೆಗೆ ಕಾಯುತ್ತೇನೆ, ಆಮೇಲೆ ಸತ್ಯ ಹೇಳುತ್ತೇನೆ ಎನ್ನುವವರು ಎಂದೂ ಹೇಳುವುದಿಲ್ಲ.

ಶಿವಲೀಲಾ ಫೋನು ಮಾಡಿದಳು. ಧನ್ಯವಾದ ಹೇಳಲಿಲ್ಲ, ಬೈಯಲೂ ಇಲ್ಲ. ಇಲ್ಲಿಯವರೆಗೆ ಆ ಚುಚ್ಚುಮದ್ದು ತೆಗೆದುಕೊಂಡ ಕೃಶರನ್ನೆಲ್ಲ ಹುಡುಕಿ ಕಿವಿ ಪರೀಕ್ಷೆ ಮಾಡಿಸಬೇಕು, ಅದಕ್ಕೆ ಕೇಂದ್ರದ ಯಂತ್ರಗಳು ಬೇಕು, ಯಾವಾಗ ಬರಲಿ ಎಂದು ಕೇಳಿದಳು. ನಾಳೆಯೇ ಬಾ ಎಂದಳು ಮಂದಾಕಿನಿ. ಅವಳು ನಿರ್ದೇಶಕಿಯಾಗಿ ಮಾಡಿದ ಕೊನೆಯ ಕೆಲಸ ಅದೇ. ಮೂರನೆಯ ಸಾಲು ಓದಿದ ಮಂಡಳಿ ಅವಳನ್ನು ಆ ಸ್ಥಾನದಿಂದ ಇಳಿಸಿತು.

ಅವಳು ಫಕೀರವ್ವನ ಬಳಿಗೂ ಹೋದಳು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಅದು. ಗೋವಾದಿಂದ ಬಂದ ಮಲ್ಲವ್ವ ಬಟ್ಟೆ ಗಂಟು ಕಟ್ಟುತ್ತಿದ್ದಳು. ಮಂದಾಕಿನಿ ಹಾಸಿಗೆಯ ಮುಂದೆ ನಿಂತು ಇದ್ದುದನ್ನು ಇದ್ದಂತೆ ಹೇಳಿದಳು. ಕೇಳಬೇಕಾದವಳಿಗೆ ಕಿವಿಯಿರಲಿಲ್ಲ. ಬರೆದು ತೋರಿಸೋಣವೆಂದರೆ ಅವಳಿಗೆ ಅಕ್ಷರವೂ ಬರುತ್ತಿರಲಿಲ್ಲ. ಎದುರಿಗೆ ನಿಂತು ಅಳುತ್ತಿರುವ ಈ ದೊಡ್ಡ ಡಾಕ್ಟರಮ್ಮನನ್ನು ಕಂಡು, ಚಂಪಕ್ಕನಿಗೇ ಏನೋ ಆಗಿರಬೇಕೆಂದು ಫಕೀರವ್ವ ಗಾಬರಿಯಾದಳು. ಮಂದಾಕಿನಿಯ ಕೈ ಹಿಡಿದು ತಟ್ಟಿದಳು.

“ಅಳಬ್ಯಾಡ್ರಿ, ಯವ್ವಾ. ನಿಮ್ಮಕ್ಕಾರು ಗಟ್ಟಿ ಹೆಣಮಗಳು. ಏನೂ ಆಗಂಗಿಲ್ಲ” ಎಂದು, ತನ್ನ ದನಿ ತನಗೇ ಕೇಳಿಸದೆ, ವಾರ್ಡೆಲ್ಲ ಮೊಳಗುವಂತೆ ಸಮಾಧಾನ ಹೇಳಿದಳು.

ಪ್ರತಿಯೊಂದನ್ನೂ ಕೇಳಿಸಿಕೊಂಡಿದ್ದ ಮಲ್ಲವ್ವ ಗಂಟನ್ನು ಬಿಗಿದು ಎದ್ದು ನಿಂತಳು.

“ಅವ್ವಗ ನಾ ಇದನ್ನ ತಿಳಿಸಂಗಿಲ್ರೀ” ಎಂದಳು. “ಆಕಿ ನಿಮ್ಮನ್ನ ಚಲೋ ಮಂದಿ ಅಂತ ತಿಳದಾಳ. ಹಂಗ ಇರ್ಲಿ.”

ಇಷ್ಟೆಲ್ಲ ಆದ ಮೇಲೆ ಮಂಡಳಿ ನಿಯಮವನ್ನೂ ತಿದ್ದಿತು, ಆದರೆ ಅರ್ಧ ಮಾತ್ರ: ಮೂಲಕರ್ತರು ಸುಮ್ಮನಿದ್ದರೆ ಇಂದಿಗೂ ಹಳೆಯದೇ ಜಾರಿಯಲ್ಲಿರುತ್ತದೆ. ಈಗ ಸಾಕ್ಷಿಯ ಪರದೆಯ ಮೂಲೆಯಲ್ಲಿ ‘ಭಿನ್ನಮತ’ ಎಂಬ ಸಣ್ಣ ಗುಂಡಿಯಿದೆ. ಅದನ್ನು ಒತ್ತಿದರೆ, ಆ ಸಲಹೆಯನ್ನು ಯಾರು ಪ್ರಶ್ನಿಸಿದ್ದಾರೆ, ಮೂಲಕರ್ತರು ಉತ್ತರಿಸಿದ್ದಾರೆಯೇ ಅಥವಾ ಸುಮ್ಮನೆ ಕುಳಿತಿದ್ದಾರೆಯೇ ಎಂಬುದೆಲ್ಲ ಕಾಣಿಸುತ್ತದೆ. ಹೊರಗೆ ರೋಗಿಗಳು ಸಾಲುಗಟ್ಟಿ ನಿಂತಿರುವಾಗ ಅದನ್ನು ಒತ್ತುವ ವ್ಯವಧಾನ ಬಹುಪಾಲು ವೈದ್ಯರಿಗೆ ಇಲ್ಲ. ಒತ್ತಬೇಕೆಂಬ ಕಡ್ಡಾಯವೂ ಇಲ್ಲ. ಕೇಳುವವರಿಲ್ಲದ ಗುಂಡಿ ಇದ್ದರೇನು, ಬಿಟ್ಟರೇನು?

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಲ ವೈದ್ಯರ ಮುಂದೆ ಕೂತಾಗ, ಮದ್ದು ಬರೆಯುವ ಮುನ್ನ ಆ ಗುಂಡಿಯನ್ನು ಒತ್ತಿಸಿ. ಅವರು ಬೇಸರಿಸಿದರೂ ವಿನಯದಿಂದ ಕೂತು, ಒತ್ತಿಸಿಯೇ ಏಳಿ. ನಿಮ್ಮ ಪಾಲಿನ ಉತ್ತರ ಸಿಕ್ಕಿತೆಂದು ಅಲ್ಲಿಂದ ಹೊರಟುಬಿಡಬೇಡಿ. ಪಕ್ಕದ ಹಾಸಿಗೆಯಲ್ಲಿ ಯಾರಿದ್ದಾರೆಂದು ತಿರುಗಿ ನೋಡಿ, ಅವರಿಗಾಗಿಯೂ ಒಮ್ಮೆ ಒತ್ತಿಸಿ.